ಅತ್ತೆಯ ಮಗ್ಗುಲು

ಲಕ್ವ ಹೊಡೆದ ನಬುಕೀರಾ ಅವರನ್ನು ಮಸಾಕಾ ದಾರಿಯ ಸಣ್ಣ ಮಿಷನ್ ಆಸ್ಪತ್ರೆಗೆ ತಂದು ಹೆಂಗಸರ ವಾರ್ಡಿನಲ್ಲಿ ಮಲಗಿಸಿದಾಗ ಲುಬೆಗಾ ಬಾಗಿಲಲ್ಲೇ ನಿಂತುಬಿಟ್ಟ. ಅವನು ಅದೇ ವಾರ್ಡಿನ ನರ್ಸಿಂಗ್ ಸಹಾಯಕ. ಆಕೆ ಅವನ ಹೆಂಡತಿ ನಾಲ್ವೋಗಾಳ ತಾಯಿ.

ಅವರ ಬಗಾಂಡ ಜನಾಂಗದಲ್ಲಿ ಅಳಿಯ ಅತ್ತೆಯ ಕೈ ಕುಲುಕುವುದಿಲ್ಲ, ಒಂದೇ ಚಾಪೆಯಲ್ಲಿ ಕೂರುವುದಿಲ್ಲ. ದಾರಿಯಲ್ಲಿ ಎದುರಾದರೆ ಒಬ್ಬರು ಪೊದೆಯ ಕಡೆ ಸರಿಯಬೇಕು. ಮುಟ್ಟಿದರೆ ಮೈ ನಡುಗುವ ರೋಗ ಬರುತ್ತದಂತೆ. ಓದಿದವರು ಇದನ್ನು ಕೇಳಿ ನಗುತ್ತಾರೆ. ನಕ್ಕವರಲ್ಲಿ ಒಬ್ಬರಾದರೂ ಅತ್ತೆಯನ್ನು ಮುಟ್ಟಿದ್ದನ್ನು ಮಾತ್ರ ಯಾರೂ ಕಂಡಿಲ್ಲ.

ತರಬೇತಿಯಲ್ಲಿ ವಾರ್ಡಿನ ಮುಖ್ಯ ನರ್ಸ್ ಸಿಸ್ಟರ್ ಅಚೆಂಗ್ ಗಿಳಿಗೆ ಹೇಳಿದಂತೆ ಹೇಳಿದ್ದರು. "ಸೂಜಿ, ಔಷಧಿ ನಿಮ್ಮ ಕೆಲಸ ಅಲ್ಲ. ಮೈ ಒರೆಸೋದು, ಉಣಿಸೋದು, ಮಗ್ಗುಲು ಬದಲಿಸೋದು, ಹಾಸಿಗೆ ಹುಣ್ಣು ಎದ್ದಿದೆಯಾ ಅಂತ ಬೆನ್ನು ನೋಡೋದು ನಿಮ್ಮ ಕೆಲಸ. ನಿಮಗೆ ವಹಿಸಿದ್ದನ್ನ ಬೇರೆಯವರ ಕೈಲಿ ಮಾಡಿಸಿ ಹೆಚ್ಚುಕಮ್ಮಿ ಆದ್ರೆ ಕಾನೂನು ಅವರನ್ನ ಕೇಳಲ್ಲ, ನಿಮ್ಮನ್ನ ಕೇಳುತ್ತೆ. ಕಣ್ಣಾರೆ ನೋಡದ್ದನ್ನ ನೋಡಿದೆ ಅಂತ ನನ್ನ ಹತ್ರ ಹೇಳ್ಬೇಡಿ."

ಮೊದಲ ದಿನ ಲುಬೆಗಾ ಮಂಚದ ಹತ್ತಿರ ಹೋಗಿದ್ದು ನಿಜ. ಅವನನ್ನು ಕಂಡದ್ದೇ ಅತ್ತೆ, ಸ್ವಾಧೀನವಿದ್ದ ಎಡಗೈಯಿಂದ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡರು. ಸುಳ್ಳೇಕೆ, ಅವನಿಗೂ ನಿರಾಳವೇ ಆಯಿತು. ಪರದೆ ಎಳೆದು ಆಚೆ ನಿಂತ.

"ನೀನೇ ತಿರುಗಿಸು," ಅಂದ, ತಾಯಿಯ ಆರೈಕೆಗೆ ಬಂದಿದ್ದ ಹೆಂಡತಿಗೆ.

"ನಂಗೆ ಬರುತ್ತಾ?"

"ಹೆತ್ತಮ್ಮನ್ನ ಮಗ್ಗುಲು ತಿರುಗಿಸೋಕೆ ಏನು ಮಹಾ ವಿದ್ಯೆ ಬೇಕು?"

ಅದೇ ವಿದ್ಯೆಯನ್ನು ತಿಂಗಳುಗಟ್ಟಲೆ ಕಲಿತ ಮನುಷ್ಯ ಆಡಿದ ಮಾತು ಇದು! ಪಕ್ಕದ ವಾರ್ಡಿನ ಸಹಾಯಕಿ ಹುಡುಗಿಗೆ ಒಂದು ಮಾತು ಹೇಳಿದ್ದರೆ ಆಕೆ ಕೆಲಸ ಬದಲಾಯಿಸಿಕೊಳ್ಳುತ್ತಿದ್ದಳು. ಆದರೆ ಕೆಲಸಕ್ಕೆ ಸೇರುವಾಗ ಸಿಸ್ಟರ್ "ಯಾರ ಮೈಯಾದ್ರೂ ಮುಟ್ತೀಯಾ?" ಎಂದು ಕೇಳಿದ್ದಕ್ಕೆ ಎದೆ ತಟ್ಟಿ ಹೂಂ ಅಂದಿದ್ದ. ಈಗ ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ನಾಲ್ವೋಗಾ ಒಬ್ಬಳೇ ತನಗೆ ತೋಚಿದಂತೆ ಮಾಡಿದಳು. ಎತ್ತಲಾಗದೆ ತಾಯಿಯನ್ನು ಹಾಸಿಗೆಯ ಮೇಲೆ ಎಳೆದಳು; ಹಾಗೆ ಎಳೆದರೆ ಚರ್ಮ ಸುಲಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬಟ್ಟೆ ಸರಿಸಿ ಬೆನ್ನು ನೋಡಲು ಅವಳಿಗೂ ಸಂಕೋಚ. ಅಮ್ಮ ನರಳಿದರೆ, ನೋವಾಗುತ್ತದಲ್ಲ ಪಾಪ ಎಂದು ಹಾಗೆಯೇ ಬಿಟ್ಟಳು.

ದಿನವೂ ಸಿಸ್ಟರ್ ಕೇಳುತ್ತಿದ್ದರು. "ಬೆನ್ನು ನೋಡಿದ್ಯಾ?"

"ನೋಡಿದೆ ಸಿಸ್ಟರ್. ಚೆನ್ನಾಗಿದೆ."

ಒಂದು ಬೆಳಿಗ್ಗೆ ಪರದೆಯ ಆಚೆಯಿಂದ ವಾಸನೆ ಬಂತು. ಲುಬೆಗಾನಿಗೆ ಆ ವಾಸನೆ ಗೊತ್ತಿತ್ತು. ಓಡಿಹೋಗಿ ಸಿಸ್ಟರನ್ನು ಕರೆತಂದ. ಸೊಂಟದ ಕೆಳಗೆ ಹಾಸಿಗೆ ಹುಣ್ಣು ಮೂಳೆಯವರೆಗೆ ಇಳಿದಿತ್ತು. ಮೈ ಕೆಂಡದಂತೆ ಸುಡುತ್ತಿತ್ತು, ನಂಜು ರಕ್ತಕ್ಕೆ ಏರಿತ್ತು.

"ನೋಡಿದೆ ಅಂದ್ಯಲ್ಲ?" ಸಿಸ್ಟರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ತಿರುಗಿಸ್ತಿದ್ದೋಳು ನಾನು, ಸಿಸ್ಟರ್," ಎಂದು ನಾಲ್ವೋಗಾ ಅಡ್ಡ ಬಂದಳು. "ನಂದೇ ತಪ್ಪು. ಅವರನ್ನ ಬಿಟ್ಬಿಡಿ."

"ಇಲ್ಲ ಸಿಸ್ಟರ್," ಅಂದ ಲುಬೆಗಾ. "ಕೆಲಸ ನಂದು. ನಾನು ಒಂದು ದಿನಾನೂ ನೋಡ್ಲಿಲ್ಲ. ನಮ್ಮ ಅತ್ತೆ ಅವರು."

"ಅತ್ತೆ ಅಂತ ಮೊದಲನೇ ದಿನ ಹೇಳೋಕೆ ನಿಂಗೇನಾಗಿತ್ತೋ?" ಅಂದರು ಸಿಸ್ಟರ್. "ನಾಳೆಯಿಂದ ಬರಬೇಡ. ಮೇಲಿನವರಿಗೆ ನಾನು ವರದಿ ಮಾಡಲೇಬೇಕು. ಪೊಲೀಸರ ತನಕ ಹೋದ್ರೂ ಹೋಯ್ತು."

"ಇವತ್ತೊಂದು ದಿನ ನಾನೇ ತಿರುಗಿಸ್ತೀನಿ," ಎಂದು ಬೇಡಿಕೊಂಡ. ಸಿಸ್ಟರ್ ಜೊತೆಗೆ ನಿಂತರು.

ಕಲಿತ ಹಾಗೆಯೇ ಮಾಡಿದ. ಅತ್ತೆಯ ಮೊಣಕಾಲು ಮಡಿಸಿ, ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ಮೈಯನ್ನು ಮೆಲ್ಲಗೆ ಹೊರಳಿಸಿದ. ಎಷ್ಟು ಸುಲಭವಿತ್ತು! ಬೆನ್ನಿಗೆ ದಿಂಬು ಇಟ್ಟ. ಅತ್ತೆ ಕಣ್ಣು ಮುಚ್ಚಿಯೇ ಇದ್ದರು. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿಯಿತು. ನಾಚಿಕೆಗೋ, ನೋವಿಗೋ, ಅವನಿಗೆ ತಿಳಿಯಲಿಲ್ಲ. ಮರುದಿನ ಹೊತ್ತು ಮುಳುಗುವ ಮೊದಲೇ ಆಕೆ ಹೋಗಿಬಿಟ್ಟರು.

ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಲುಬೆಗಾ ಹೆಣಕ್ಕೆ ಸುತ್ತಲು ಅಳಿಯನ ಪಾಲಿನ ಮರದ ತೊಗಟೆಯ ಬಟ್ಟೆ ತಂದೊಪ್ಪಿಸಿ, ಬಾಳೆತೋಟದ ಅಂಚಿನಲ್ಲಿ ಗಂಡಸರ ಜೊತೆ ಕೂತ. ಸತ್ತವರ ಅಣ್ಣ ಸೆಮ್ಮಂಡ ಎದ್ದು ನಿಂತು ಮಾತಾಡಿದರು. ತಂಗಿಯ ಗುಣ, ಕೈರುಚಿ, ಮೂಗಿನ ತುದಿಯ ಸಿಟ್ಟು ಎಲ್ಲಾ ನೆನೆದರು. ಆಮೇಲೆ ಲುಬೆಗಾನ ಕಡೆ ಕೈ ತೋರಿಸಿದರು.

"ಈ ಹುಡುಗನ್ನ ನೋಡಿ. ಆಸ್ಪತ್ರೆ ಕೆಲಸದವನು, ನಾಲ್ಕು ಅಕ್ಷರ ಕಲಿತವನು. ಆದ್ರೂ ನನ್ನ ತಂಗಿ ಹಾಸಿಗೆ ಹಿಡಿದಾಗ ಒಂದು ಸಲಾನೂ ಹತ್ರ ಸುಳೀಲಿಲ್ಲವಂತೆ. ಮರ್ಯಾದೆ ಅಂದ್ರೆ ಇದು. ಅಳಿಯ ಅಂದ್ರೆ ಹೀಗಿರ್ಬೇಕು!"

"ಹೌದು ಹೌದು," ಅಂದರು ಜನ. ಯಾರೋ ಅವನ ಬೆನ್ನು ತಟ್ಟಿದರು.

ಸುಮ್ಮನಿದ್ದರೆ ಆ ಊರಿನಲ್ಲಾದರೂ ಅವನ ಹೆಸರು ಉಳಿಯುತ್ತಿತ್ತು. ಲುಬೆಗಾ ಎದ್ದು ನಿಂತ.

"ಮುಟ್ಟಿದೆ, ಮಾವ. ಕೊನೇಲಿ ಮುಟ್ಟಿದೆ. ಮೊದಲನೇ ದಿನವೇ ಮುಟ್ಟಿದ್ರೆ ಅವರು ಬದುಕ್ತಿದ್ರು."

ಬೆನ್ನು ತಟ್ಟಿದವನು ಚಾಪೆಯಿಂದ ಸರಿದು ಕೂತ.

ಹೆಂಗಸರ ಸಾಲಿನಿಂದ ನಾಲ್ವೋಗಾ ಎದ್ದಳು. ಆಸ್ಪತ್ರೆಯಲ್ಲಿ ಅವನ ಪರ ನಿಂತವಳು ಇವಳೇನಾ ಅನಿಸಬೇಕು, ಮುಖ ಹಾಗಿತ್ತು.

"ಅಮ್ಮನ್ನ ತಿರುಗಿಸೋಕೆ ನಂಗೆ ಬರ್ತಿರ್ಲಿಲ್ಲ," ಅಂದಳು. "ನಿಮಗೆ ಬರ್ತಿತ್ತು."