ಬಗಲು

ಪೆನ್ನಿನ ಮೊನೆ ತಣ್ಣಗಿದೆ, ಕಚಗುಳಿ ಇಡುತ್ತಿದೆ, ನಗಬಾರದು, ನಕ್ಕರೆ ಗೆರೆ ಸೊಟ್ಟಗಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಹುಬ್ಬು ತಿದ್ದುವ ಮೊದಲು ನಾನೂ ಹೀಗೆಯೇ ಗಿರಾಕಿಯ ಹಣೆಗೆ ಬಿಳಿ ಪೆನ್ಸಿಲ್ ತಾಕಿಸಿ ಅಲುಗಾಡಬ್ಯಾಡ್ರಿ ಅನ್ನುತ್ತೇನೆ — ಡಾಕ್ಟರಬಾಯಿ ನನ್ನ ಬಲ ಬಗಲಿನ, ಕಂಕುಳಿನ, ಸುತ್ತ ನೇರಳೆ ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದಾರೆ, ಕೂದಲಿದ್ದಷ್ಟು ಜಾಗ, ಅದಕ್ಕಿಂತ ಒಂದು ಬೆರಳು ಆಚೆಗೆ, ಅವರ ಮೂಗು ನನ್ನ ಮೈಯಿಂದ ಗೇಣು ದೂರದಲ್ಲಿದೆ, ಮಾಸ್ಕ್ ಇದೆ, ಇದ್ದರೇನು, ಮಾಸ್ಕನ್ನು ದಾಟುತ್ತದೆ ಅದು, ಸ್ಪಿರಿಟ್ಟಿನ ಘಾಟಿನ ಅಡಿಯಿಂದ ಈಗಲೂ ಎದ್ದು ಬರುತ್ತಿದೆ, ಬೆಳಗ್ಗೆ ಎರಡು ಸಲ ಮೈ ತೊಳೆದರೂ, ಹೆಚ್ಚಿಟ್ಟು ಮರೆತ ಉಳ್ಳಾಗಡ್ಡಿ, ಅದಕ್ಕೆ ಒಂದಿಷ್ಟು ಜೀರಿಗೆ, ಅದರ ಹಿಂದೆ ಒದ್ದೆ ಕಂಬಳಿ, ನನ್ನದು, ನನ್ನ ದನಿಯ ಹಾಗೆ ನನ್ನದು, ಹದಿಮೂರನೇ ವರ್ಷಕ್ಕೆ ಬಂದದ್ದು ಹೋಗಿಲ್ಲ, ಪಟಿಕದ ಹರಳು ಉಜ್ಜಿದೆ, ನಿಂಬೆಹಣ್ಣು, ಅಡಿಗೆ ಸೋಡಾ, ಡಬ್ಬಿಗಟ್ಟಲೆ ಪೌಡರು, ಹೂವಿನ ಹೆಸರಿನ ಸ್ಪ್ರೇಗಳು, ಹೂವಿನ ಜೊತೆ ಸೇರಿ ಇನ್ನೂ ಕೆಟ್ಟದಾಗಿ ನಾರಿತು, ಹೆಸರು ನೋಡಿದರೆ ಮಂಜರಿ, ಹೂಗೊಂಚಲು, ಶಾಲೆಯಲ್ಲಿ ಹುಡುಗಿಯರು ಮೂಗು ಹಿಡಿದು ಮಂಜರಿ ಮಂಜರಿ ಅನ್ನುತ್ತಿದ್ದರು, ಅನ್ನಲಿ, ಈಗ ಸೂಜಿ, ಥೋಡಂ ದುಖೇಲ್ ಎಂದು ನರ್ಸ್ ಮರಾಠಿಯಲ್ಲಿ ಹೇಳುತ್ತಾಳೆ, ನೋವಾದರೆ ಆಗಲಿ, ಚರ್ಮದ ಕೆಳಗೆ ಮದ್ದಿನ ನೀರು ಇಳಿಯುತ್ತಿದೆ, ಬಗಲು ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬುತ್ತಿದೆ, ಉರಿ, ಆಮೇಲೆ ಜೋಮು, ಆಮೇಲೆ ಅದು ನನ್ನದಲ್ಲ ಎನ್ನುವ ಹಾಗೆ.

ಕಣ್ಣು ಮುಚ್ಚಿದರೆ ಭೋರ್ ಊರಿನ ಮದುವೆ ಮನೆ ಬರುತ್ತದೆ, ಬರಲಿ, ಅದರಿಂದಲೇ ಅಲ್ಲವೇ ನಾನು ಈ ಮೇಜಿನ ಮೇಲಿರುವುದು, ಹೋದ ಬೇಸಿಗೆ, ತಗಡಿನ ಚಾವಣಿಯ ಸಭಾಗೃಹ, ಕನ್ನಡಿ ಇಟ್ಟ ಮೂಲೆಗೆ ಫ್ಯಾನಿನ ಗಾಳಿ ಬರುವುದಿಲ್ಲ, ಮದುಮಗಳು ತೃಪ್ತಿ ಕುರ್ಚಿಯ ಮೇಲೆ, ನನ್ನ ಬಾಯಲ್ಲಿ ಪಿನ್ನುಗಳು, ಎರಡೂ ಕೈ ಅವಳ ನೆತ್ತಿಯ ಮೇಲೆ, ನನ್ನ ಕಸುಬೇ ಹಾಗೆ, ಗುಮಾಸ್ತನಾದರೆ ಮೇಜಿನ ಆಚೆ ಕೂತುಬಿಡಬಹುದು, ಕೂದಲು ಕಟ್ಟುವವಳ ಬಗಲು ಗಿರಾಕಿಯ ಮೂಗಿನ ಎದುರಿಗೇ ಬರುತ್ತದೆ, ಅರ್ಧ ತುರುಬು ಏರಿತ್ತು, ಅವಳು ಕರ್ಚೀಫು ಮೂಗಿಗೆ ಒತ್ತಿಕೊಂಡಳು, ಮುಖ ಬಿಳಿಚಿತು, ಅವಳ ಚಿಕ್ಕಮ್ಮ ಬಂದು ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲಿ, ಏ ಬಾಯಿ, ಸಾಕು, ನೀನು ಹೊರಗೆ ಹೋಗು, ಹುಡುಗಿಗೆ ಹೊಟ್ಟೆ ತೊಳೆಸುತ್ತಿದೆ, ಬೇರೆ ಯಾರನ್ನಾದರೂ ಕರೆಸುತ್ತೇವೆ. ಹೋಗಲಿಲ್ಲ ನಾನು. ಅರ್ಧ ತುರುಬು ಬಿಟ್ಟು ಹೋಗುವುದು ನನ್ನ ಕೈಗೆ ಗೊತ್ತಿಲ್ಲ, ಕಿಟಕಿ ತೆರೆದೆ, ಒದ್ದೆ ಟವೆಲ್ ಎರಡೂ ಬಗಲಿಗೆ ಸಿಕ್ಕಿಸಿಕೊಂಡೆ, ಮಗಳೇ, ಮೂಗು ಮುಚ್ಚಿಕೋ, ಕಣ್ಣೂ ಮುಚ್ಚಿಕೋ, ಈಗ ಮುಗಿಯುತ್ತದೆ ಅಂದೆ, ಕೊನೆಯ ಮೊಗ್ಗಿನ ದಂಡೆ ಸಿಕ್ಕಿಸಿ, ಒಂದು ಎಳೆಯೂ ಹೊರಬರದ ಹಾಗೆ ಮುಗಿಸಿ, ಆಮೇಲೆ ಹೊರಗೆ ಬಂದೆ, ಅವಳ ಮದುವೆಯ ಫೋಟೋಗಳಲ್ಲಿ ಇರುವುದು ನನ್ನ ತುರುಬು, ಅದನ್ನು ಯಾರೂ ಬಿಚ್ಚಲಾರರು — ನಮ್ಮ ಕಾತ್ರಜಕ್ಕೆ ವಾಪಸು ಬರುವ ಬಸ್ಸಿನಲ್ಲಿ ಜನ ನಿಂತಿದ್ದರು, ನನ್ನ ಪಕ್ಕದ ಸೀಟು ಖಾಲಿ, ಒಬ್ಬಳು ಕೂತು ಎದ್ದು ಹೋದಳು, ಸರಿ, ನಾನು ಎರಡೂ ಸೀಟಿಗೆ ಹರಡಿಕೊಂಡು ಕೂತೆ, ಸಾಮಾನಿನ ಪೆಟ್ಟಿಗೆ ಒಂದು ಸೀಟಿಗೆ, ನಾನು ಒಂದು ಸೀಟಿಗೆ, ಮಹಾರಾಣಿಯ ಹಾಗೆ, ಕಣ್ಣಲ್ಲಿ ನೀರು ಬಂದದ್ದು ಬೇರೆ ಮಾತು, ಅದು ಕಿಟಕಿಯ ಧೂಳು.

ಕಚ್. ಕಚ್. ಇದು ಕತ್ತರಿ. ನೋವಿಲ್ಲ, ಆದರೆ ಶಬ್ದ ಎಲುಬಿನೊಳಗಿಂದ ಕಿವಿಗೆ ಬರುತ್ತದೆ, ಸಣ್ಣ ಬಾಯಿನ ಕತ್ತರಿ, ಹರಿತ ಚೆನ್ನಾಗಿದೆ, ಕತ್ತರಿ ಎಂದ ಮೇಲೆಯೇ ನನಗೆ ಧೈರ್ಯ ಬಂದದ್ದು, ಮೊದಲ ಸಲ ಹೋದಾಗ ಡಾಕ್ಟರಬಾಯಿ ಎಲ್ಲ ದಾರಿಗಳನ್ನೂ ಎದುರಿಗಿಟ್ಟರು, ಅದಕ್ಕೂ ಮೊದಲು ಅಂದರು, ಕೆಲವರಿಗೆ ವಾಸನೆ ಇರುವುದೇ ಇಲ್ಲ, ಇದೆ ಅಂತ ಮನಸ್ಸಿಗೆ ಹತ್ತಿರುತ್ತದೆ, ನೋಡೋಣ, ಬಗಲಲ್ಲಿ ಹತ್ತಿಬಟ್ಟೆಯ ತುಂಡು ಇಟ್ಟು ಒಂದಷ್ಟು ಹೊತ್ತು ಕೂರಿಸಿ, ತೆಗೆದು, ತಮ್ಮ ಮೂಗಿನ ಹತ್ತಿರ ಹಿಡಿದರು, ಮುಖ ತಿರುಗಿಸಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ, ಹೌದು, ಇದೆ, ಜೋರಾಗಿಯೇ ಇದೆ — ಅಷ್ಟು ವರ್ಷಗಳಲ್ಲಿ ನನ್ನ ಮುಖಕ್ಕೆ ಮುಖ ಕೊಟ್ಟು ಇದೆ ಎಂದವರು ಅವರೊಬ್ಬರೇ, ಉಳಿದವರೆಲ್ಲ ಕಿಟಕಿ ತೆರೆದರು, ಕುರ್ಚಿ ಸರಿಸಿದರು, ಊದುಬತ್ತಿ ಹಚ್ಚಿದರು. ಇದು ಕೊಳೆಯಲ್ಲ ಅಂದರು, ಸ್ನಾನ ಸಾಲದ್ದಕ್ಕೂ ಅಲ್ಲ, ಬಗಲಲ್ಲಿ ಒಂದು ಜಾತಿಯ ಗ್ರಂಥಿ ಇರುತ್ತದೆ, ಅದರ ಬೆವರು ಮಂದ, ಅದಕ್ಕೆ ವಾಸನೆ ಇಲ್ಲ, ಚರ್ಮದ ಮೇಲಿನ ಜೀವಾಣು ಅದನ್ನು ತಿಂದಾಗ ವಾಸನೆ ಹುಟ್ಟುತ್ತದೆ, ನಿಮಗೆ ಆ ಗ್ರಂಥಿ ಹೆಚ್ಚು, ಅಷ್ಟೇ. ಇಂಜೆಕ್ಷನ್ ಇದೆ, ಕೆಲವು ತಿಂಗಳು ತಡೆಯುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕು. ಶಾಖ ಕೊಟ್ಟು ಗ್ರಂಥಿ ಸುಡುವ ಮಶೀನ್ ಇದೆ, ನಮ್ಮಲ್ಲಿಲ್ಲ. ಕೂದಲಿರುವ ಚರ್ಮವನ್ನೇ ತೆಗೆದು ಹೊಲಿಯುವುದಿದೆ, ಹಳೆಯ ಪದ್ಧತಿ, ಗಾಯದ ಗುರುತು ದೊಡ್ಡದು, ಕೈ ಬಿಗಿಯಬಹುದು. ಸಣ್ಣ ತೂತಿನಿಂದ ನಳಿಕೆ ಹಾಕಿ ಕೆರೆದು ಎಳೆಯುವುದಿದೆ, ಬೇಗ ಮಾಯುತ್ತದೆ, ಒಂದಿಷ್ಟು ಉಳಿದು ವಾಸನೆ ಮರಳಬಹುದು. ಇಲ್ಲವೇ ಬಗಲಿನ ಮಡಿಕೆಯಲ್ಲಿ ಸಣ್ಣದಾಗಿ ಕೊಯ್ದು, ಚರ್ಮವನ್ನು ಒಳಗಿನಿಂದ ಮಗುಚಿ, ಕಣ್ಣಿಗೆ ಕಾಣುವ ಹಾಗೆ ಗ್ರಂಥಿಗಳನ್ನು ಕತ್ತರಿಯಿಂದ ತೆಗೆಯುವುದು. ಎದೆಯೊಳಗಿನ ನರ ಕತ್ತರಿಸುತ್ತಾರಂತಲ್ಲ ಎಂದು ನಾನೇ ಕೇಳಿದೆ, ಮೊಬೈಲಿನಲ್ಲಿ ನೋಡಿದ್ದೆ, ಬೇಡ, ಅದು ಅಂಗೈ ಬೆವರಿಗೆ, ಆಮೇಲೆ ಬೆನ್ನಲ್ಲಿ ಹೊಟ್ಟೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತದೆ ಅಂದರು. ಕತ್ತರಿಯದು ಮಾಡ್ರಿ ಅಂದೆ. ಪೂರ್ತಿ ಹೋಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ, ಬಹುಪಾಲು ಹೋಗುತ್ತದೆ, ಚರ್ಮ ಕಪ್ಪಾಗಬಹುದು, ಗಾಯ ಹಟ ಮಾಡಬಹುದು ಅಂದರು. ಮಾಡಲಿ, ನನ್ನಷ್ಟು ಹಟ ಮಾಡುತ್ತದೆಯೇ ಅದು.

ಸಂಜುವಿಗೆ ಸಿಟ್ಟು, ನನ್ನ ಗಂಡನಿಗೆ, ಇವತ್ತೂ ರಜೆ ಸಿಗಲಿಲ್ಲ ಎಂದು ಯೆರವಡಾದ ತನ್ನ ಆಫೀಸಿಗೆ ಹೋಗಿದ್ದಾನೆ, ಆಪರೇಶನ್ ಮಾಡಿಸುತ್ತೇನೆ ಎಂದು ನಾನು ಹೇಳಿದ ದಿನ ಊಟಕ್ಕೆ ಕೂತಾಗ ಅಂದ, ನನಗೇನ ತ್ರಾಸ ಇಲ್ಲಲ್ಲ ಮಂಜರಿ, ಹತ್ತ ವರ್ಷದಾಗ ಎಂದರ ಒಂದ ಮಾತ ಅಂದೇನೇನ, ನಾ ನಿನ್ನ ಹಿಂಗ ಒಪ್ಕೊಂಡೇನಿ. ಒಪ್ಕೊಂಡೇನಿ, ತೂತು ಬಿದ್ದ ಚೀಲವನ್ನು ಅಂಗಡಿಯವನು ಒಪ್ಪಿಕೊಂಡ ಹಾಗೆ, ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು, ಒಪ್ಕೊಳ್ರಿ ಅಂತ ನಾ ನಿಮಗ ಅರ್ಜಿ ಹಾಕಿದ್ದೆನೇನ್ರಿ ಅಂದೆ, ಅವನು ಕೆಟ್ಟವನಲ್ಲ, ಅದೇ ತೊಡಕು, ಕೆಟ್ಟವನಾಗಿದ್ದರೆ ಜಗಳ ಸುಲಭ, ಅವನ ಒಳ್ಳೆಯತನಕ್ಕೆ ನಾನು ದಿನಾ ಕೈ ಮುಗಿಯಬೇಕು, ಬಗಲು ನನ್ನದು, ನೋವೂ ನನ್ನದೇ ಇರಲಿ. ಅತ್ತೆ ಗೌರಾಬಾಯಿ ಒಳಗಿನಿಂದ, ಕೊಯ್ಸಿಕೊ ಬೇಕಾದ್ರ, ಆದ್ರ ಮಂದಿಗೆ ಬಗಲಾಗ ಗಂಟಾಗಿತ್ತು ಅಂತ ಹೇಳು, ಗಂಟ ಅಂದ್ರ ಮಂದಿ ಪಾಪ ಅಂತಾರ, ನಾತ ಅಂದ್ರ ನಗತಾರ. ಗಂಟಿಗಿರೋ ಮರ್ಯಾದಿ ನಾತಕ್ಕಿಲ್ಲೇನ್ರಿ ಅತ್ತಿ. ಮರುದಿನವೇ ಪಾರ್ಲರಿನ ಶಟರಿಗೆ ಹಲಗೆ ತೂಗುಹಾಕಿದೆ, ಮೇಲೆ ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ, ಬರುವ ವಾರ ಬಗಲಿನ ವಾಸನೆಯ ಆಪರೇಶನ್ ಇದೆ, ಗಾಯ ಮಾಯುವವರೆಗೆ ಪಾರ್ಲರ್ ಬಂದ್, ಮಂಜರಿ. ಒಂದೇ ಕುರ್ಚಿಯ ಪಾರ್ಲರು ನನ್ನದು, ಪೇಟೆಯ ದೊಡ್ಡ ಪಾರ್ಲರಿನಲ್ಲಿ ಗಿರಾಕಿಗಳು ಮೂಗು ಮುಚ್ಚಿಕೊಂಡರೆಂದು ನನ್ನನ್ನು ಹಿಂದಿನ ಕೋಣೆಗೆ ಟವೆಲ್ ಒಗೆಯಲು ಹಾಕಿದಾಗ ಕತ್ತರಿ ಎತ್ತಿಕೊಂಡು ಬಂದು ತೆರೆದದ್ದು, ಅದರ ಹಲಗೆಯ ಮೇಲೆ ಏನು ಬರೆಯಬೇಕೆಂದು ಯಾರೂ ನನಗೆ ಹೇಳಬೇಕಿಲ್ಲ, ಸಂಜು ಅದನ್ನು ಕಂಡು ತಲೆ ತಗ್ಗಿಸಿದ, ಆ ಓಣಿ ಬಿಟ್ಟು ಸುತ್ತು ಹಾಕಿ ಮನೆಗೆ ಬಂದ, ನಕ್ಕವರು ನಕ್ಕರು, ಒಬ್ಬ ಹುಡುಗ ಹಲಗೆಯ ಫೋಟೋ ತೆಗೆದ, ಆದರೆ ಸಂಜೆ ಮೂಲೆಯ ಹೂವಾಡಗಿತ್ತಿ ಸಕ್ಕುಬಾಯಿ ಒಳಗೆ ಬಂದು ಪರದೆ ಎಳೆದಳು, ಖರೇನ ಹೋಗ್ತದೇನವ್ವಾ ಅದು, ನನ್ನ ಮಗಳು ಸಾಲಿಯೊಳಗ ಬೆಂಚಿನ ಮ್ಯಾಲ ಒಬ್ಬಾಕೀನ ಕೂಡ್ತಾಳ. ಆಮೇಲೆ ಇನ್ನೊಬ್ಬಳು, ಪರದೆ ಎಳೆದು. ಪರದೆ ತೆಗೀರಿ, ಗಾಳಿ ಬರಲಿ, ಜೋರಾಗೇ ಕೇಳ್ರಿ ಎಂದೆ.

ಬಲಗಡೆ ಮುಗಿಯಿತಂತೆ, ನೋಡುತ್ತೀರಾ ಎಂದು ಕೇಳುತ್ತಾರೆ ಡಾಕ್ಟರಬಾಯಿ, ನೋಡುತ್ತೇನೆ, ಸ್ಟೀಲಿನ ತಟ್ಟೆಯಲ್ಲಿ ನೆನೆಸಿದ ಸಾಬುದಾಣಿಯ ಹಾಗೆ, ತುಸು ಕೆಂಪು ಬೆರೆತದ್ದು, ಎರಡು ಚಮಚವೂ ಇಲ್ಲ, ಇಷ್ಟೇ, ಇಷ್ಟಕ್ಕೇ ಬೆಂಚು ಖಾಲಿ, ಸೀಟು ಖಾಲಿ, ಇಷ್ಟಕ್ಕೇ ಟವೆಲಿನ ಕೋಣೆ — ಎಡಗಡೆ ಶುರು, ಮತ್ತೆ ಸೂಜಿ, ಮತ್ತೆ ಜೋಮು, ಹೊರಗೆ ಬೆಂಚಿನ ಮೇಲೆ ಗೌರಾಬಾಯಿ ಕೂತಿದ್ದಾಳೆ, ಅವಳನ್ನು ನಾನೇ ಕರೆತಂದದ್ದು, ಪ್ರೀತಿಯಿಂದಲ್ಲ. ನಿನ್ನೆ ಸಂಜೆ ನಾನು ಒಗೆದ ಬಟ್ಟೆ ಮಡಚುತ್ತಿದ್ದೆ, ಬಂದು ಮಂಚದ ತುದಿಗೆ ಕೂತಳು, ನನಗೂ ಮಾಡ್ತಾರೇನು, ಈ ವಯಸ್ಸಿನ್ಯಾಗ. ಏನು ಮಾಡ್ತಾರ್ರೀ ಅತ್ತಿ. ಅವಳು ಕುಪ್ಪಸದ ತೋಳಿನೊಳಗೆ ಬೆರಳು ಹಾಕಿ ಹಳೆ ಧೋತರದ ನಾಲ್ಕು ಮಡಿಕೆಯ ತುಂಡು ತೆಗೆದು ಮಂಚದ ಮೇಲಿಟ್ಟಳು, ಹಳದಿಗಟ್ಟಿದ ತುಂಡು, ಆ ಕಡೆಯಿಂದ ಇನ್ನೊಂದು, ಕೋಣೆ ತುಂಬಿತು, ಉಳ್ಳಾಗಡ್ಡಿ, ಒದ್ದೆ ಕಂಬಳಿ, ನನ್ನದೇ ಎಂದುಕೊಂಡೆ, ಇಷ್ಟು ವರ್ಷ ಎಂದುಕೊಂಡ ಹಾಗೆ, ನನ್ನದಲ್ಲ. ನಿಮ್ಮ ಮಾವ ಸಾಯೂತನಕ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು, ಒಂದ ಮಾತ ಅನ್ನಲಿಲ್ಲ, ಮಾರಿ ಅಷ್ಟ ತಿರುಗಿಸಿದ್ರು. ಮಾವ ಮಲಕಪ್ಪ, ಗೋಡೆಗೆ ಮುಖ ಮಾಡಿ ಮಲಗಿದವರು, ಪಡಸಾಲೆಯ ಫೋಟೋದಲ್ಲಿ ಎದುರಿಗೇ ನೋಡುತ್ತಾರೆ. ನೀ ಸೊಸಿಯಾಗಿ ಬಂದ ಮ್ಯಾಲ ನನಗ ಭಾಳ ಹಗುರಾತು, ಬಂದವರೆಲ್ಲಾ ನಾತ ನಿಂದ ಅಂತ ತಿಳಕೊಂಡ್ರು. ಅಂದಳು, ತಲೆ ತಗ್ಗಿಸಿ ಅಂದಳು. ಹತ್ತು ವರ್ಷ, ಆ ಎರಡು ಕೋಣೆಯ ಮನೆಯಲ್ಲಿ, ಹಬ್ಬಕ್ಕೆ ಬಂದ ನೆಂಟರು ಮೂಗು ಸಣ್ಣ ಮಾಡಿ ನನ್ನ ಕಡೆ ನೋಡಿದಾಗೆಲ್ಲ ಅವಳು ನನ್ನ ಪಕ್ಕದಲ್ಲೇ ನಿಂತು ಸೊಸಿ ಈಗ ಕೆಲಸದಿಂದ ಬಂದಾಳ, ಜಳಕ ಆಗಿಲ್ಲ ಅನ್ನುತ್ತಿದ್ದಳು, ಆಗಿರುತ್ತಿತ್ತು ನನ್ನ ಜಳಕ, ಅವಳ ಪಾಲನ್ನೂ ನನ್ನ ಮೈಮೇಲೆ ಹೊರಿಸಿದಳು, ನನಗೆ ಅಳು ಬರಲಿಲ್ಲ, ಅಪ್ಪಿಕೊಳ್ಳಬೇಕು ಅನ್ನಿಸಲೂ ಇಲ್ಲ, ಸಿಟ್ಟು, ಕಾದ ಕಾವಲಿಯಂಥ ಸಿಟ್ಟು, ಮಡಚಿದ ಬಟ್ಟೆ ಎಲ್ಲ ಕೆಡವಿ ಎದ್ದೆ, ನಾಳೆ ನನ್ನ ಜೋಡಿ ಬರ್ರಿ, ಮಾಡ್ತಾರೋ ಇಲ್ಲೋ ನೀವೇ ಕೇಳ್ರಿ, ಬಾಯಿ ಬಿಟ್ಟು ಕೇಳ್ರಿ, ಬಗಲಾಗ ಈ ಅರಿವಿ ತುಂಡು ಇಟ್ಕೊಳ್ಳದ ಬರ್ರಿ. ಹೆಂಗ ಬರಲಿ ರಿಕ್ಷಾದಾಗ, ಮಂದಿ. ನಾ ಹೆಂಗ ಹೋಗ್ತೀನಿ ದಿನಾ, ಹಂಗ.

ಮುಗಿಯಿತು, ಹೊಲಿಗೆ, ಅದರ ಮೇಲೆ ಹತ್ತಿಯ ದಿಂಡು, ಅದರ ಮೇಲೆ ಪಟ್ಟಿ, ಕೈಗಳು ಮೈಗೆ ತಾಕುವುದಿಲ್ಲ, ಎರಡೂ ಕಡೆ ತಲೆದಿಂಬು ಹಿಡಿದ ಪೈಲ್ವಾನನ ಹಾಗೆ ನಡೆಯುತ್ತಿದ್ದೇನೆ, ಒಂದು ವಾರ ಕೈ ಮೇಲೆತ್ತಬಾರದಂತೆ, ಬಾಚಣಿಕೆಯೂ ಹಿಡಿಯಬಾರದಂತೆ, ಗೌರಾಬಾಯಿ ಎದ್ದು ನಿಂತಳು, ಹಸುರು ಸೀರೆ, ಸೆರಗನ್ನು ಎರಡೂ ಭುಜಕ್ಕೆ ಬಿಗಿದು ಸುತ್ತಿದ್ದಾಳೆ, ಈ ಬಿಸಿಲಲ್ಲಿ. ಕೇಳಿದ್ರೇನು ಎಂದೆ. ಡಾಕ್ಟರಬಾಯಿ ಹೊರಗ ಬಂದಾಗ ಕೇಳಿದೆ, ಸಕ್ಕರಿ ಕಾಯಿಲೆ ಪರೀಕ್ಷಾ ಮಾಡಿಸ್ಕೊಂಡು ಬರ್ರಿ, ಆಮ್ಯಾಗ ನೋಡೋಣು ಅಂದ್ರು. ಹಾಂಗಾದ್ರ ಮಾಡಿಸ್ರಿ. ಹೂಂ. ಅಷ್ಟೇ ಮಾತು, ನಾನು ಕ್ಷಮಿಸಿಲ್ಲ, ಅವಳು ಕೇಳಿಯೂ ಇಲ್ಲ, ಮೆಟ್ಟಿಲಿಳಿದು ರಸ್ತೆಗೆ ಬಂದೆವು, ಬಸ್ ಸ್ಟಾಪಿನ ತುಂಬ ಜನ, ಕಾಲೇಜಿನ ಹುಡುಗಿಯರು, ಊಟದ ಡಬ್ಬಿ ಹಿಡಿದ ಗಂಡಸರು, ನನ್ನ ನಡಿಗೆ ನೋಡಿ ಒಬ್ಬಳು ನಗು ಅದುಮಿಕೊಳ್ಳುತ್ತಾಳೆ, ನಗು ತಾಯಿ, ನಾನೂ ನಗುತ್ತೇನೆ, ರಿಕ್ಷಾ ಬಂತು, ಹೋಯಿತು, ಇನ್ನೊಂದು, ಅದೂ, ನಿಲ್ಲಿಸುವವರಿಲ್ಲದೆ. ಅತ್ತಿ, ಕೈ ಮಾಡ್ರಿ, ನನಗ ಎತ್ತಾಕ ಬರಂಗಿಲ್ಲ. ಅವಳು ಸ್ಟಾಪಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಸೆರಗಿನೊಳಗಿಂದ ಬೆರಳಷ್ಟೇ ಹೊರಗೆ ತಂದು ಆಡಿಸಿದಳು, ಅದನ್ನು ಯಾವ ರಿಕ್ಷಾದವನು ಕಾಣುತ್ತಾನೆ, ಕಾಣಂಗಿಲ್ಲರೀ ಅದು ಅಂದೆ, ಬೇಡಿಕೊಳ್ಳಲಿಲ್ಲ, ಬಿಸಿಲಲ್ಲಿ ನಿಂತೆ, ನಿಂತೆವು — ಆಗ ಅವಳು ಸೆರಗು ಕೆಳಗೆ ಬಿಟ್ಟು ಫುಟ್‌ಪಾತಿನ ಅಂಚಿಗೆ ಹೋದಳು, ಕೈ ಎತ್ತಿದಳು, ಮೊಣಕೈ ಬಾಗಿಸದೆ, ಪೂರ್ತಿ, ಬಳೆಗಳು ಜಾರಿ ಮುಂಗೈಯಿಂದ ಇಳಿದವು, ಹಸುರು ಕುಪ್ಪಸದ ಬಗಲಲ್ಲಿ ತಟ್ಟೆಯಗಲ ಕಪ್ಪು ಒದ್ದೆ, ಗಾಳಿ ಈ ಕಡೆಗೇ ಬೀಸುತ್ತಿದೆ, ಡಬ್ಬಿಯವನೊಬ್ಬ ಎರಡು ಹೆಜ್ಜೆ ಸರಿದ, ಅವಳು ಕಂಡಳು, ಇಳಿಸಲಿಲ್ಲ, ರಿಕ್ಷಾ ಬಂದು ನಿಲ್ಲದೆ ಹೋಯಿತು, ಇಳಿಸಲಿಲ್ಲ, ಸಿಗ್ನಲ್ ಬಿಟ್ಟಿತು, ಗಾಡಿಗಳು ಹೋಗುತ್ತಿವೆ, ಹೋಗಲಿ, ಆ ಕೈ, ಬಿಸಿಲಲ್ಲಿ ನೆಟ್ಟಗೆ, ಹಸುರು ಕುಪ್ಪಸ, ಕಪ್ಪು ಒದ್ದೆ, ಆ ಕೈ ಇನ್ನೂ ಮೇಲೆ, ಇನ್ನೂ ಮೇಲೆಯೇ, ಆ ಕೈ