ಅಟ್ಟವೇ ದೊಡ್ಡದಾದ ಮನೆಗಳು

ಶನಿವಾರ ಪ್ರಿನ್ಸಿಪಾಲ್ ನಂಜುಂಡಪ್ಪನವರು ಬಂದು ಹುಡುಗರ ಕೆಲಸ ನೋಡುತ್ತಾರೆ. ಬೆಟ್ಟಸ್ವಾಮಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದೋ ಬಿಡುವುದೋ ಆಮೇಲೆ ತೀರ್ಮಾನ. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ತಿಪಟೂರಿನಲ್ಲಿ ಹೊಸದಾಗಿ ಶುರುವಾಗಿದ್ದ ಕಟ್ಟಡ ವಿನ್ಯಾಸದ ತರಗತಿಗೆ ಅವನು ತಾತ್ಕಾಲಿಕ ಮೇಷ್ಟ್ರು. ಸಂಜೆ ಕಾಲೇಜಿನಲ್ಲಿ ಓದಿದವನು. ಹೇಳಿದ್ದು ಸರಿಯೋ ತಪ್ಪೋ ಎಂದು ಪಾಠ ಮುಗಿದ ಮೇಲೂ ಬಾಗಿಲಲ್ಲಿ ನಿಂತು ಯೋಚಿಸುವ ಜೀವ.

ಮೊದಲ ದಿನ ಹಲಗೆಯ ಮೇಲೆ ಆವರಣ, ಆಕಾರ, ಪರಿಸರ ಎಂದು ಬರೆದಾಗ ಹುಡುಗರು ಅಂದವಾಗಿ ಬರೆದುಕೊಂಡಿದ್ದರು, ಅಷ್ಟೇ. ಅದಕ್ಕೇ ಈಗ, ಹೊಸದಾಗಿ ಮದುವೆಯಾದವರಿಗೆ ರಟ್ಟಿನಲ್ಲೊಂದು ಪುಟ್ಟ ಮನೆ ಮಾಡಿ ತನ್ನಿ ಎಂದಿದ್ದ.

ಶನಿವಾರ ಬೆಳಿಗ್ಗೆ ತಂದರು. ಬೆಟ್ಟಸ್ವಾಮಿ ಒಂದೊಂದನ್ನೇ ಎತ್ತಿ ನೋಡಿದ. ಪ್ರತಿ ಮನೆಯಲ್ಲೂ ಕೊಬ್ಬರಿಗೆ ಕಾಯಿ ಒಣಗಿಸುವ ಅಟ್ಟ ಅರಮನೆಯಂತಿತ್ತು. ಗಂಡ ಹೆಂಡತಿಗೆ ಕಾಲು ಚಾಚಲು ಜಾಗವಿರಲಿಲ್ಲ. ಒಂದು ತೆಂಗಿನ ಮರವೂ ಇಲ್ಲದ ದರ್ಜಿಯ ಮಗ ಗಯಾಜ್ ಕೂಡ ಅಟ್ಟ ಕಟ್ಟಿದ್ದ. ಕೇಳಿದ್ದಕ್ಕೆ, "ಅಟ್ಟ ಇಲ್ದಿರೋ ಮನೆಗೆ ಹೆಣ್ಣು ಯಾರು ಕೊಡ್ತಾರೆ ಸಾರ್?" ಎಂದ.

ಮತ್ತೆ ಮಾಡಿಸೋಣವೆಂದರೆ ಪ್ರಿನ್ಸಿಪಾಲರು ಆಗಲೇ ಒಳಗೆ ಬಂದಿದ್ದರು. ಅರಳಗುಪ್ಪೆಯ ಗಿರಿಜಾಂಬಿಕಾ ಮಾಡಿದ ಮನೆಯನ್ನು ಎತ್ತಿ ಇಣುಕಿ, ಜನ ಎಲ್ಲಿ ಮಲಗುವುದು ಎಂದು ಕೇಳಿದರು.

"ಜಗಲಿ ಮೇಲೆ ಸಾರ್," ಎಂದಳು. "ಸೆಕೆ ಆದ್ರೆ ಜನ ಎದ್ದು ಆಚೆ ಹೋಯ್ತಾರೆ. ಕಾಯಿ ವರ್ಷಗಟ್ಲೆ ಅಲ್ಲೇ ಇರ್ಬೇಕಲ್ಲ."

ತರಗತಿ ನಕ್ಕಿತು. ಬೆಟ್ಟಸ್ವಾಮಿಗೆ ನಗು ಬರಲಿಲ್ಲ. ಆ ಮೂರು ಪದ ಬರೆದೂ ತಾನು ಹೇಳಿಕೊಡಲಾಗದ್ದು ಅವಳ ಮಾತಿನಲ್ಲಿ ಇಣುಕಿದಂತಾಯಿತು. ಹಾಗಾದರೆ ಕಾಯಿಗೆ ಏನೇನು ಬೇಕಮ್ಮ ಎಂದು ಕೇಳಿದ. ಅವಳು ಹೇಳುತ್ತ ಹೋದಳು: ಮಳೆ ತಾಕಬಾರದು, ಗಾಳಿ ಕೆಳಗಿನಿಂದ ಏಳಬೇಕು, ಅದಕ್ಕೇ ಬಿದಿರಿನ ದಬ್ಬೆಗಳ ನಡುವೆ ಸಂದು. ಒಲೆಯ ಕಾವು ಸಿಗಲೆಂದು ಅಡುಗೆಮನೆ ಕೆಳಗೇ. ಹೆಂಚಿನ ಇಳಿಜಾರು ಎಷ್ಟಿರಬೇಕೆಂದು ಇನ್ನಿಬ್ಬರು ಜಗಳಕ್ಕೇ ನಿಂತರು. ಬೆಟ್ಟಸ್ವಾಮಿ ಹಲಗೆಯ ಮೇಲೆ ಹಳೆಯ ಮೂರು ಪದಗಳನ್ನೇ ಬರೆದು, ಕೆಳಗೆ ಅವರ ಮಾತುಗಳನ್ನು ತುಂಬುತ್ತ ಹೋದ.

"ಈಗ ಗಂಡ ಹೆಂಡ್ತೀನೂ ಕಾಯಿ ಅಂದ್ಕೊಂಡು ಇನ್ನೊಂದು ಮನೆ ಮಾಡಿ," ಎಂದ.

ನಂಜುಂಡಪ್ಪನವರೂ ದಬ್ಬೇಘಟ್ಟದ ತೆಂಗಿನ ತೋಟದವರು. ಅಷ್ಟು ಹೊತ್ತೂ ಅಟ್ಟದ ಸಂದಿಗೆ ಕಿರುಬೆರಳು ತೂರಿಸಿ ಅಳೆಯುತ್ತಿದ್ದವರು ಹೊರಡುವಾಗ ಹೇಳಿದರು: "ಮುಂದಿನ್ ವರ್ಷದ ಮಕ್ಕಳಿಗೂ ಇದನ್ನೇ ಕೊಡಿ ಕಣ್ರೀ. ದಬ್ಬೆ ಮಾತ್ರ ಇನ್ನೊಸಿ ಹತ್ರ ಹಾಕ್ಸಿ. ಸಣ್ಣ ಕಾಯಿ ಉದುರ್ತವೆ."

ಬೆಟ್ಟಸ್ವಾಮಿ ತಲೆಯಾಡಿಸಿ ದಬ್ಬೆಗಳನ್ನೇ ನೋಡುತ್ತ ನಿಂತ. ಅವರು ಮೆಟ್ಟಿಲಿಳಿದ ಮೇಲೆ, ಮುಂದಿನ ವರ್ಷ ಎಂದರಲ್ಲವೇ ಎಂದು ಗಯಾಜನನ್ನು ಮೆಲ್ಲಗೆ ಕೇಳಿ ಖಾತ್ರಿ ಮಾಡಿಕೊಂಡ.