ಗೋಡೆಯೊಳಗಿನ ಗಾಳಿದಾರಿ

ಸಹೃದಯರೂ ವಿವೇಕಶಾಲಿಗಳೂ ಆದ ವಾಚಕ ಮಹಾಶಯರೇ, ತಮ್ಮ ಅಮೂಲ್ಯ ಸಮಯದಲ್ಲಿ ಕೆಲವು ಕ್ಷಣಗಳನ್ನು ಈ ಅಲ್ಪನಿಗೆ ದಯಪಾಲಿಸಬೇಕಾಗಿ ಸವಿನಯ ಪ್ರಾರ್ಥನೆ. ನಾನು ಒಂದು ಬಿಳಿಯ ಪ್ಲಾಸ್ಟಿಕ್ ಕೊಳವೆ. ಈಗ ಗೇಣುದ್ದದ ತುಂಡು.

ಕಾರ್ಖಾನೆಯ ಬಿಸಿ ಅಚ್ಚಿನಿಂದ ಹೊರಬಂದಾಗ ನಾನು ಎರಡಾಳು ಉದ್ದವಿದ್ದೆ. ನೆರೆಯ ಅಚ್ಚಿನ ಕೊಳವೆಗಳು ನೀರು ಹೊರಲು ಹೋದವು. ನನ್ನನ್ನು ಬ್ಯಾಡಗಿಯ ಒಂದು ಮನೆಗೆ ಗಾಳಿ ಹೊರಲು ಒಯ್ದರು.

ಆ ಮನೆಯ ಕೆಳಗೆ ಮೆಣಸಿನಕಾಯಿ ಕುಟ್ಟುವ ಗಿರಣಿ. ಅದರ ಕೆಂಪು ಧೂಳು ಹಾಸಿಗೆಯನ್ನೂ ಬಿಡದು, ದೇವರ ಪಟವನ್ನೂ ಬಿಡದು. ಕಸಬರಿಗೆ ಅದನ್ನು ಎಬ್ಬಿಸುತ್ತಿತ್ತೇ ಹೊರತು ಓಡಿಸುತ್ತಿರಲಿಲ್ಲ. ಉಬ್ಬಸದ ಸೊಸೆ ಸುನಂದಾ ಎರಡು ಸಲ ಆಸ್ಪತ್ರೆ ಸೇರಿ, ಕೊನೆಗೆ ತವರಿಗೆ ಹೋಗಿದ್ದಳು. ಅವಳನ್ನು ಮರಳಿ ಕರೆತರಲೆಂದೇ ಅತ್ತೆ ಗಂಗವ್ವನವರು ಈ ಏರ್ಪಾಟು ಮಾಡಿಸುತ್ತಿದ್ದರು: ಹಿತ್ತಿಲಲ್ಲಿ ಧೂಳೆಳೆಯುವ ಯಂತ್ರ, ಧೂಳು ಹೀರಲು ಕೋಣೆಗೊಂದು ಗೋಡೆಬಾಯಿ, ಇವೆರಡರ ನಡುವೆ ಗೋಡೆಯೊಳಗೆ ನಾವು, ಕೊಳವೆಗಳು.

ನಮ್ಮನ್ನು ಜೋಡಿಸಿದವರು ದಾವಲಸಾಬರು. ಮೂವತ್ತು ವರ್ಷ ನಲ್ಲಿಯ ಕೆಲಸದಲ್ಲಿ ಪಳಗಿದ ಕೈ. ನೀರಿನ ರೂಢಿಯಂತೆ ಅವರು ನನ್ನ ಮೈಗೂ, ನಾನು ಹೊಗಬೇಕಾದ ತಿರುವುಕೊಳವೆಯ ಒಳಬಾಯಿಗೂ ಧಾರಾಳವಾಗಿ ಅಂಟು ಬಳಿದರು.

"ಒಂದು ಹನಿ ಸೋರಿದ್ರ ನನ್ನ ಹೆಸರು ಕರೀಬ್ಯಾಡ್ರಿ."

"ದಾವಲಣ್ಣಾ, ಇದರಾಗ ಹರಿಯೋದು ನೀರಲ್ಲೋ!" ಎಂದು ಗಂಗವ್ವನವರು ನಕ್ಕರು.

"ನೀರು ತಡದ ಕೈಗೆ ಗಾಳಿ ಏನ್ ಮಹಾ ಬಿಡ್ರಿ, ಅವ್ವಾರ."

ಮರುದಿನ ಗೋಡೆ ಮುಚ್ಚಲು ಗಾರೆಯವನು ಸಿಮೆಂಟು ಕಲಸಿ ನಿಂತಿದ್ದ. ಅಷ್ಟರಲ್ಲಿ ಪರೀಕ್ಷೆಗೆಂದು ಹಚ್ಚಿದ ಯಂತ್ರ ಗುಡುಗಿತು. ಆ ಕ್ಷಣವನ್ನು ಹೇಗೆ ಬಣ್ಣಿಸಲಿ! ಟೊಳ್ಳೆಂದು ನಾಚಿಕೊಂಡಿದ್ದ ನನ್ನೊಳಗಿಂದ ಇಡೀ ಮನೆ ಉಸಿರೆಳೆಯಿತು. ಗಂಗವ್ವನವರು ಮಾಳಿಗೆಯ ಗೋಡೆಬಾಯಿಗೆ ಇಪ್ಪತ್ತು ಮೆಣಸಿನ ತೊಟ್ಟು ಬಿಟ್ಟರು. ಅವು ಸುಂಟರಗಾಳಿಯಲ್ಲಿ ಹಾರಿಬಂದವು.

ಹಿತ್ತಿಲ ಡಬ್ಬಿಯಲ್ಲಿ ಸಿಕ್ಕಿದ್ದು ಹನ್ನೊಂದೇ.

"ಉಳಿದವು ಎಲ್ಲಿ ಹೋದ್ವೋ? ಅವೂ ತವರಿಗೆ ಹೋದ್ವೇನು?" ಗಂಗವ್ವನವರು ನಗಲು ನೋಡಿದರು.

ದಾವಲಸಾಬರು ನನಗೆ ಕಿವಿಯಿಟ್ಟರು. ಒಳಗೆ ತೊಟ್ಟುಗಳು ಪಟಪಟನೆ ಒದ್ದಾಡುತ್ತಿದ್ದವು. "ಅಂಟು ಒಳಗ ಉಬ್ಬಿ ಗಟ್ಟಿ ಆಗೇತ್ರಿ, ತೊಟ್ಟು ಅದಕ್ಕ ಸಿಕ್ಕೊಂಡಾವ. ತಪ್ಪು ನಂದ."

"ಹೋಗ್ಲಿ ಬಿಡಣ್ಣ," ಎಂದ ಗಾರೆಯವನು. "ಗೋಡಿ ಮುಚ್ಚಿದ್ರ ಯಾರಿಗೆ ಕಾಣತೈತಿ?"

"ಆ ಹುಡಿಗಿ ಎದಿಗೆ ಕಾಣತೈತಿ."

ಅವರು ಗರಗಸ ಹಿಡಿದರು. ತಿರುವಿನ ಸಮೇತ ನನ್ನ ತುದಿಯನ್ನು ಕತ್ತರಿಸಿ ತೆಗೆದರು. ಆ ತುದಿಯೇ ಇಂದಿನ ನಾನು; ನನ್ನನ್ನು ಎಸೆಯದೆ ತಮ್ಮ ಚೀಲಕ್ಕೆ ಹಾಕಿಕೊಂಡರು. ಹೊಸ ಜೋಡಣೆಗೆ ಕೊಳವೆಯ ಹೊರಮೈಗಷ್ಟೇ ಅಂಟು ಸವರಿದರು. ಈ ಸಲ ಇಪ್ಪತ್ತಕ್ಕೆ ಇಪ್ಪತ್ತೂ ಬಂದವು.

ವಾರದ ಮೇಲೆ ದಾವಲಸಾಬರು ಗೋಡೆಬಾಯಿಗಳಿಗೆ ಮುಚ್ಚಳ ಹಾಕಲು ಹೋದಾಗ, ಚೀಲದೊಳಗಿಂದ ನಾನು ಕಂಡೆ: ಸುನಂದಾ ಹೊಸ್ತಿಲಲ್ಲಿ ನಿಂತಿದ್ದಳು. ಕಿಟಕಿಯ ಅಂಚಿಗೆ ಬೆರಳಾಡಿಸಿ ನೋಡಿಕೊಂಡಳು. ಮೆಲ್ಲಗೆ, ಆಮೇಲೆ ಎದೆ ತುಂಬ ಉಸಿರೆಳೆದಳು. ಕೆಮ್ಮು ಬರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಳನಡೆದಳು.

"ಅತ್ತಿ, ಒಗ್ಗರಣಿಗೆ ಮೆಣಸಿನಕಾಯಿ ಎಲ್ಲಿಟ್ಟೀರಿ?"

ಗಂಗವ್ವನವರು ಮೆಣಸಿನಕಾಯಿಯ ಡಬ್ಬಿಯನ್ನೇ ತಂದು ಅವಳ ಕೈಗಿಟ್ಟರು.

ಈಗ ನನಗೆ ಮುಪ್ಪು, ಮೈ ಹಳದಿಗಟ್ಟಿದೆ. ಹೊಸಬರು ಯಾರೇ ಕೆಲಸ ಕಲಿಯಲು ಬರಲಿ, ದಾವಲಸಾಬರು ಮೊದಲು ನನ್ನನ್ನೇ ಅವರ ಕೈಗಿಡುತ್ತಾರೆ: "ಒಳಗ ಬೆರಳು ಆಡಸ್ರಿ. ಇದು ನಾ ಮಾಡಿದ ತಪ್ಪು." ಗಾಳಿ ನನ್ನೊಳಗೆ ಹರಿದದ್ದು ಒಂದೇ ದಿನ. ಆ ಬೆರಗು ಮಾತ್ರ ಇನ್ನೂ ಇಳಿದಿಲ್ಲ.

ಅಗೋ, ಅವರ ಸ್ಕೂಟರು ಹೊರಟು ನಿಂತಿದೆ. ಗರಗಸ, ಟೇಪು, ಅಂಟಿನ ಡಬ್ಬಿ ಚೀಲ ಸೇರಿದವು, ಕೊನೆಗೆ ನಾನು. ರಾಣೆಬೆನ್ನೂರಿನಲ್ಲಿ ಯಾರದೋ ಗೋಡೆ ಉಸಿರಿಗೆ ಕಾದಿದೆಯಂತೆ. ಅಪ್ಪಣೆಯಾಗಲಿ.